ಸೋರಿಯಾಸಿಸ್‌ಗೆ ಮಾತ್ರೆ ಬರೆದುಕೊಟ್ಟಿದ್ದಾರೆಯೇ? ಡಬ್ಬಿ ತೆರೆಯುವ ಮುನ್ನ ಓದಿ

ಮುಲಾಮು ಹಚ್ಚಿ ಹಚ್ಚಿ ಬೇಸತ್ತವರಿಗೆ ಸೋರಿಯಾಸಿಸ್‌ನ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಹಚ್ಚಿದರೆ ಅಂಗಿಗೂ ಹಾಸಿಗೆಗೂ ಜಿಡ್ಡು. ನಾಲ್ಕು ದಿನ ಬಿಟ್ಟರೆ ಮೊಣಕೈ, ಮೊಣಕಾಲಿನ ಮೇಲೆ ಮತ್ತೆ ಬೆಳ್ಳನೆಯ ಹೊಪ್ಪಳೆ, ತಲೆಯಿಂದ ಭುಜಕ್ಕೆ ಮತ್ತೆ ಉದುರು. ಇಂಜೆಕ್ಷನ್ ಇದೆ ಎಂದರೆ ಕೆಲವರಿಗೆ ಹಣದ ಚಿಂತೆ, ಕೆಲವರಿಗೆ ಸೂಜಿಯ ಭಯ. ಅಂಥ ಹೊತ್ತಿನಲ್ಲಿ ಡಾಕ್ಟರು ‘ಒಂದು ಮಾತ್ರೆ ಇದೆ, ನೋಡೋಣ’ ಎಂದರೆ ಯಾರಿಗಾದರೂ ಹಗುರ ಎನಿಸುತ್ತದೆ.

ಆಮೇಲಿನ ಕಥೆ ಹಲವರದು ಒಂದೇ. ಮೂರನೆಯ ದಿನ ಹೊಟ್ಟೆ ಕೆಡುತ್ತದೆ. ಎರಡು ವಾರವಾದರೂ ಚರ್ಮ ಮೊದಲಿದ್ದಂತೆಯೇ ಇರುತ್ತದೆ. ‘ಇದು ನನಗೆ ಆಗಿಬರಲಿಲ್ಲ’ ಎಂದು ಡಬ್ಬಿ ಕಪಾಟಿನ ಮೂಲೆ ಸೇರುತ್ತದೆ. ಮದ್ದು ಸೋತಿತೋ, ಮದ್ದಿಗೆ ಗೆಲ್ಲಲು ಸಮಯವೇ ಸಿಗಲಿಲ್ಲವೋ ಯಾರಿಗೂ ತಿಳಿಯುವುದಿಲ್ಲ. ಈ ಲೇಖನ ಮುಖ್ಯವಾಗಿ ಆ ಮೊದಲ ಕೆಲವು ವಾರಗಳ ಬಗ್ಗೆ.

ಈ ಮಾತ್ರೆಗಳು ಮಾಡುವುದೇನು?

ಸೋರಿಯಾಸಿಸ್‌ನಲ್ಲಿ ಹಲವು ಬಗೆ. ಹತ್ತು ಮಂದಿಯಲ್ಲಿ ಎಂಟೊಂಬತ್ತು ಮಂದಿಗೆ ಇರುವುದು ಪ್ಲಾಕ್ ಸೋರಿಯಾಸಿಸ್, ಅಂದರೆ ಅಂಚು ಸ್ಪಷ್ಟವಾಗಿ ಕಾಣುವ, ದಪ್ಪಗೆ ಉಬ್ಬಿದ, ಮೇಲೆ ಬೆಳ್ಳಿಬಣ್ಣದ ಹೊಪ್ಪಳೆ ಇರುವ ಕಲೆಗಳು. ನಮ್ಮ ಕಂದು ಚರ್ಮದ ಮೇಲೆ ಇವು ಪುಸ್ತಕದ ಚಿತ್ರಗಳಂತೆ ಕೆಂಪಗೆ ಕಾಣದೆ ನೇರಳೆಗೋ ಗಾಢ ಕಂದಿಗೋ ತಿರುಗಿರುತ್ತವೆ. ಹಾಗಾಗಿ ಇಸುಬು ಎಂದೋ ಗಜಕರ್ಣ ಎಂದೋ ವರ್ಷಗಟ್ಟಲೆ ತಪ್ಪು ಮದ್ದು ಹಚ್ಚಿಕೊಂಡವರು ಇದ್ದಾರೆ. ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ.

ಆರೋಗ್ಯವಂತ ಚರ್ಮದ ತಳದಲ್ಲಿ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್‌ನಲ್ಲಿ ಅದು 3ರಿಂದ 5 ದಿನಗಳಲ್ಲೇ ಮುಗಿದುಹೋಗುತ್ತದೆ. ಉದುರಬೇಕಾದದ್ದು ಉದುರುವ ಮೊದಲೇ ಹೊಸದು ಬಂದು ಒತ್ತುವುದರಿಂದ ಪದರದ ಮೇಲೆ ಪದರ ಕೂರುತ್ತದೆ. ಇಷ್ಟು ಅವಸರಕ್ಕೆ ಕಾರಣ ಚರ್ಮವಲ್ಲ, ದೇಹದ ರೋಗನಿರೋಧಕ ವ್ಯವಸ್ಥೆ. ಅದರ ಕೋಶಗಳು ಟಿಎನ್‌ಎಫ್, ಐಎಲ್-23, ಐಎಲ್-17 ಎಂಬ ರಾಸಾಯನಿಕ ಸಂದೇಶಗಳನ್ನು ಬಿಡುವಿಲ್ಲದೆ ಕಳಿಸುತ್ತಿರುತ್ತವೆ. ಆ ಸಂದೇಶ ತಲುಪಿದಷ್ಟೂ ಚರ್ಮದ ಕೋಶಗಳು ಹುಟ್ಟುತ್ತಲೇ ಇರುತ್ತವೆ.

ಮೆಥೊಟ್ರೆಕ್ಸೇಟ್, ಸೈಕ್ಲೋಸ್ಪೊರಿನ್‌ನಂಥ ಹಳೆಯ ಮಾತ್ರೆಗಳು ಮನೆಯ ಮೇನ್ ಸ್ವಿಚ್ ಆರಿಸಿದಂತೆ ಇಡೀ ರೋಗನಿರೋಧಕ ವ್ಯವಸ್ಥೆಯನ್ನೇ ತಗ್ಗಿಸುತ್ತವೆ. ಕೆಲಸ ಆಗುತ್ತದೆ, ಜೊತೆಗೆ ಬೇಡದ ಕೋಣೆಗಳಲ್ಲೂ ಕತ್ತಲೆ. ಅದಕ್ಕೇ ಲಿವರ್, ಕಿಡ್ನಿ, ರಕ್ತಕಣಗಳ ಪರೀಕ್ಷೆ ಆಗಾಗ ಮಾಡಿಸಬೇಕು. ಹೊಸ ಮಾತ್ರೆಗಳು ಗೊಂದಲ ಇರುವ ಒಂದು ಕೋಣೆಯ ಸ್ವಿಚ್ಚನ್ನಷ್ಟೇ ಹುಡುಕುತ್ತವೆ. ಡಾಕ್ಟರುಗಳು ‘ಟಾರ್ಗೆಟೆಡ್’ ಎನ್ನುವುದು ಇದಕ್ಕೇ.

ಇಲ್ಲೊಂದು ಮಾತು ನೆನಪಿರಲಿ. ಸಂದೇಶ ನಿಂತ ದಿನವೇ ಚರ್ಮ ನುಣುಪಾಗುವುದಿಲ್ಲ. ಆಗಲೇ ಕೂತ ಪದರ ಉದುರಬೇಕು, ಕೆಳಗಿನ ಉರಿ ಆರಬೇಕು, ಹೊಸ ಚರ್ಮ ತನ್ನ ನಿಧಾನದ ಲಯಕ್ಕೆ ಮರಳಬೇಕು. ಇದಕ್ಕೆ ವಾರಗಳೇ ಬೇಕು. ಹೆಚ್ಚಿನ ಔಷಧ ಪ್ರಯೋಗಗಳಲ್ಲಿ ಫಲವನ್ನು 16ನೇ ವಾರಕ್ಕೆ ಅಳೆಯುವುದು ಸುಮ್ಮನಲ್ಲ.

ಯಾವ ಯಾವ ಮಾತ್ರೆ?

*ಅಪ್ರೆಮಿಲಾಸ್ಟ್.* ಹೊಸ ಮಾತ್ರೆಗಳಲ್ಲಿ ನಮ್ಮ ಚರ್ಮರೋಗ ತಜ್ಞರು ಹೆಚ್ಚು ಬರೆಯುವುದು ಇದನ್ನೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಮೊದಲು ಸೋರಿಯಾಸಿಸ್ ಸಂಧಿವಾತಕ್ಕೆ, ಅದೇ ವರ್ಷ ಪ್ಲಾಕ್ ಸೋರಿಯಾಸಿಸ್‌ಗೆ ಇದನ್ನು ಒಪ್ಪಿತು. ಭಾರತದಲ್ಲಿ ಹಲವು ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ, ಬೆಲೆಯೂ ಒಂದರಿಂದ ಒಂದಕ್ಕೆ ಬೇರೆ. ಚೀಟಿ ಬರೆಯುವಾಗಲೇ ‘ಇದೇ ಮಾತ್ರೆ ಕಡಿಮೆ ದರದಲ್ಲಿ ಯಾವುದಿದೆ?’ ಎಂದು ಕೇಳಲು ಸಂಕೋಚ ಬೇಡ. ತಿಂಗಳುಗಟ್ಟಲೆ ನುಂಗಬೇಕಾದ ಮದ್ದು ಇದು.

ರೋಗನಿರೋಧಕ ಕೋಶಗಳೊಳಗೆ ಪಿಡಿಇ-4 ಎಂಬ ಕಿಣ್ವವಿದೆ. ಉರಿಯೂತವನ್ನು ತಣ್ಣಗಿಡುವ ಒಂದು ರಾಸಾಯನಿಕವನ್ನು ಅದು ಒಡೆಯುತ್ತಿರುತ್ತದೆ. ಅಪ್ರೆಮಿಲಾಸ್ಟ್ ಆ ಕಿಣ್ವವನ್ನು ತಡೆದಾಗ ಉರಿಯ ಸಂದೇಶಗಳು ಕಡಿಮೆಯಾಗುತ್ತವೆ. ಇದು ನಿಲ್ಲಿಸುವುದಕ್ಕಿಂತ ತಗ್ಗಿಸುವ ಮದ್ದು. ಆದ್ದರಿಂದಲೇ ಸೋಂಕಿನ ಭಯ ಕಡಿಮೆ, ಫಲವೂ ಸಾಧಾರಣ. ಮುಖ್ಯ ಪ್ರಯೋಗವೊಂದರಲ್ಲಿ 16 ವಾರಕ್ಕೆ ಮುಕ್ಕಾಲು ಪಾಲು ವಾಸಿಯಾದವರು ನೂರಕ್ಕೆ ಸುಮಾರು 33 ಮಂದಿ. ಹುಸಿಮಾತ್ರೆ ತೆಗೆದುಕೊಂಡವರಲ್ಲಿ 5 ಮಂದಿ.

*ಡ್ಯೂಕ್ರಾವಾಸಿಟಿನಿಬ್.* 2022ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಪಡೆಯಿತು. ದಿನಕ್ಕೆ 6 ಮಿಲಿಗ್ರಾಂನ ಒಂದೇ ಮಾತ್ರೆ. ಐಎಲ್-23ರ ಸಂದೇಶವನ್ನು ಕೋಶದೊಳಗೆ ದಾಟಿಸುವ ಟೈಕ್-2 ಎಂಬ ಕಿಣ್ವವನ್ನು ಇದು ಹಿಡಿಯುತ್ತದೆ. ಟೈಕ್-2ಕ್ಕೆ ಜ್ಯಾಕ್-1, ಜ್ಯಾಕ್-2, ಜ್ಯಾಕ್-3 ಎಂಬ ಮೂವರು ದಾಯಾದಿಗಳಿದ್ದಾರೆ. ನಾಲ್ಕೂ ಒಂದೇ ತೆರನಾದ್ದರಿಂದ ಒಂದನ್ನು ತಡೆಯಹೋದ ಮದ್ದು ಉಳಿದವನ್ನೂ ತಡೆಯುತ್ತಿತ್ತು. ಈ ಮಾತ್ರೆ ನಾಲ್ಕಕ್ಕೂ ಸಮಾನವಾದ ಭಾಗವನ್ನು ಬಿಟ್ಟು, ಟೈಕ್-2ರಲ್ಲಿ ಮಾತ್ರ ಬೇರೆಯಾಗಿರುವ ನಿಯಂತ್ರಕ ಭಾಗಕ್ಕೆ ಅಂಟಿಕೊಳ್ಳುತ್ತದೆ. ಮೂರು ಗುಂಪುಗಳನ್ನು ಹೋಲಿಸಿದ ಪ್ರಯೋಗದಲ್ಲಿ 16 ವಾರಕ್ಕೆ ಮುಕ್ಕಾಲು ಪಾಲು ವಾಸಿಯಾದವರು ಡ್ಯೂಕ್ರಾವಾಸಿಟಿನಿಬ್ ಗುಂಪಿನಲ್ಲಿ ನೂರಕ್ಕೆ ಸುಮಾರು 58, ಅಪ್ರೆಮಿಲಾಸ್ಟ್ ಗುಂಪಿನಲ್ಲಿ 35, ಹುಸಿಮಾತ್ರೆ ಗುಂಪಿನಲ್ಲಿ 13. 24ನೇ ವಾರಕ್ಕೆ ಮೊದಲ ಗುಂಪಿನ ಸಂಖ್ಯೆ 69ಕ್ಕೆ ಏರಿತ್ತು.

*ಟೊಫಾಸಿಟಿನಿಬ್.* ಇದು ಜ್ಯಾಕ್ ಕುಟುಂಬವನ್ನು ಒಟ್ಟಿಗೇ ತಡೆಯುವ ಮಾತ್ರೆ. ಪ್ಲಾಕ್ ಸೋರಿಯಾಸಿಸ್‌ಗೆ ಇದನ್ನು ಒಪ್ಪಲು ಎಫ್‌ಡಿಎ 2015ರಲ್ಲಿ ನಿರಾಕರಿಸಿತು, 2017ರಲ್ಲಿ ಸೋರಿಯಾಸಿಸ್ ಸಂಧಿವಾತಕ್ಕೆ ಒಪ್ಪಿತು. ಆಮವಾತದ ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ನಂತರ, ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆ, ಕ್ಯಾನ್ಸರ್ ಕುರಿತ ಅತಿ ಗಂಭೀರ ಎಚ್ಚರಿಕೆಯನ್ನು 2021ರಲ್ಲಿ ಇದರ ಮೇಲೆ ಮುದ್ರಿಸಬೇಕಾಯಿತು. ನಮ್ಮಲ್ಲಿ ಇದು ಅಗ್ಗಕ್ಕೆ ಸಿಗುವುದರಿಂದ ಚರ್ಮಕ್ಕೂ ಬರೆಯುವುದುಂಟು. ಐವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು ಅಥವಾ ಸೇದಿ ಬಿಟ್ಟವರು, ಹೃದಯದ ತೊಂದರೆ ಇರುವವರು ‘ನನಗೆ ಇದೇ ಏಕೆ?’ ಎಂದು ಕೇಳಿ ಉತ್ತರ ಪಡೆದ ಮೇಲೆಯೇ ಒಪ್ಪಬೇಕು. ಅಗ್ಗ ಎಂಬುದೊಂದೇ ಕಾರಣವಾದರೆ ಅದು ಸಾಲದು ಎನ್ನುವುದು ನನ್ನ ಅಭಿಪ್ರಾಯ.

ಐಎಲ್-23ರ ಗ್ರಾಹಕವನ್ನೇ ಮುಚ್ಚುವ ಐಕೊಟ್ರೊಕಿನ್ರಾ ಎಂಬ ಮಾತ್ರೆ ದೊಡ್ಡ ಪ್ರಯೋಗಗಳಲ್ಲಿ ಒಳ್ಳೆಯ ಫಲ ತೋರಿದ್ದು, 2025ರಲ್ಲಿ ಕಂಪನಿ ಎಫ್‌ಡಿಎ ಮುಂದೆ ಅರ್ಜಿ ಹಾಕಿತು. ಆ ಹೆಸರು ಕಿವಿಗೆ ಬಿದ್ದರೆ ಗುರುತಿರಲಿ ಎಂದು ಹೇಳಿದೆ. ಅದಕ್ಕಾಗಿ ಕಾದು ಈಗಿನ ಚಿಕಿತ್ಸೆ ನಿಲ್ಲಿಸಬೇಡಿ.

ಮಾತ್ರೆ ಯಾರಿಗೆ?

ನಿಮ್ಮ ಅಂಗೈಯನ್ನು ಬೆರಳುಗಳ ಸಮೇತ ಚರ್ಮದ ಮೇಲಿಟ್ಟರೆ ಅದು ಮುಚ್ಚುವ ಜಾಗ ಮೈಯ ಒಟ್ಟು ಚರ್ಮದ ನೂರರಲ್ಲಿ ಸುಮಾರು ಒಂದು ಪಾಲು. ಎಲ್ಲ ಕಲೆ ಸೇರಿ ಮೂರು ಅಂಗೈಗಿಂತ ಕಡಿಮೆ ಇದ್ದರೆ ಸೌಮ್ಯ, ಮೂರರಿಂದ ಹತ್ತು ಮಧ್ಯಮ, ಹತ್ತಕ್ಕಿಂತ ಹೆಚ್ಚು ತೀವ್ರ ಎನ್ನುವುದು ವಾಡಿಕೆಯ ಲೆಕ್ಕ. ಆದರೆ ಈ ಲೆಕ್ಕ ಎಲ್ಲವನ್ನೂ ಹೇಳದು. ಅಂಗೈಯಲ್ಲೇ ಬಿರುಕು ಬಿಟ್ಟ ಅಡುಗೆಯವರಿಗೆ, ಅಂಗಾಲು ಒಡೆದ ಹೊಲದ ಕೆಲಸದವರಿಗೆ, ಮುಖಕ್ಕೆ ಬಂದ ಅಂಗಡಿಯವರಿಗೆ, ಗುಪ್ತಾಂಗದಲ್ಲಿ ಬಂದು ಯಾರಿಗೂ ಹೇಳಲಾರದವರಿಗೆ ಎರಡೇ ಅಂಗೈಯಷ್ಟಾದರೂ ಅದು ಸೌಮ್ಯವಲ್ಲ. ಮುಲಾಮಿಗೆ ಬಗ್ಗದ, ಇಂಥ ಸೂಕ್ಷ್ಮ ಜಾಗಗಳ ಸೋರಿಯಾಸಿಸ್‌ಗೂ ಮಾತ್ರೆ ಕೊಡಬಹುದೆಂಬುದು ಈಗ ತಜ್ಞರು ಒಪ್ಪುವ ಮಾತು. ನಾಚಿಕೆಯಿಂದ ಮುಚ್ಚಿಟ್ಟ ಜಾಗವನ್ನು ತೋರಿಸದಿದ್ದರೆ ಅವರು ಅಳೆಯುವುದು ಅರ್ಧ ಕಾಯಿಲೆಯನ್ನಷ್ಟೇ.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ಮೈತುಂಬ ಹರಡಿದ ತೀವ್ರ ಕಾಯಿಲೆಗೆ ಐಎಲ್-17, ಐಎಲ್-23 ತಡೆಯುವ ಇಂಜೆಕ್ಷನ್‌ಗಳ ಬಲ ಇಂದು ಸಿಗುವ ಮಾತ್ರೆಗಳಿಗಿಲ್ಲ. ಸೂಜಿಯ ಅಂಜಿಕೆಯೊಂದಕ್ಕೇ ಮಾತ್ರೆ ಆರಿಸಿಕೊಂಡರೆ ವರ್ಷ ಕಳೆದೀತು, ಕಾಯಿಲೆ ಕಳೆಯಲಿಕ್ಕಿಲ್ಲ. ಹೊಸ ಮಾತ್ರೆಯ ಅನುಕೂಲ ಬೇರೆ ಬಗೆಯದು. ಫ್ರಿಜ್ ಬೇಡ, ಕರೆಂಟು ಹೋದರೂ ಕೆಡದು, ಪ್ರಯಾಣದಲ್ಲಿ ಜೇಬಿನಲ್ಲಿರುತ್ತದೆ, ಬೇಡವೆನಿಸಿ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಮೈಯಿಂದ ಹೊರಹೋಗುತ್ತದೆ.

ಚೀಟಿ ಪಡೆಯುವ ದಿನ

1. ಈಗ ನುಂಗುತ್ತಿರುವ ಪ್ರತಿಯೊಂದು ಮಾತ್ರೆಯ ಖಾಲಿ ಪಟ್ಟಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೊಬಾರ್ಬಿಟಾಲ್ ಇದ್ದರೆ ಅಪ್ರೆಮಿಲಾಸ್ಟ್ ರಕ್ತದಲ್ಲಿ ನಿಲ್ಲುವುದೇ ಇಲ್ಲ. ದುಡ್ಡು ದಂಡ, ಫಲ ಶೂನ್ಯ. ಬಿಪಿ ಅಥವಾ ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್, ಮನೋರೋಗಕ್ಕೆ ಕೊಡುವ ಲಿಥಿಯಂ, ಮಲೇರಿಯಾಕ್ಕೆ ಕೊಡುವ ಕ್ಲೋರೊಕ್ವಿನ್ ಸೋರಿಯಾಸಿಸ್ಸನ್ನೇ ಕೆಣಕಬಲ್ಲವು. ಅವನ್ನು ನೀವಾಗಿ ನಿಲ್ಲಿಸಬೇಡಿ, ಹೇಳಿದರೆ ಸಾಕು.

2. ಕಿಡ್ನಿ ತೊಂದರೆ ಇದ್ದರೆ ಇತ್ತೀಚಿನ ಕ್ರಿಯಾಟಿನಿನ್ ವರದಿ ತೋರಿಸಿ. ತೀವ್ರ ಕಿಡ್ನಿ ತೊಂದರೆ ಇರುವವರಿಗೆ ಅಪ್ರೆಮಿಲಾಸ್ಟ್ ದಿನಕ್ಕೆ ಎರಡರ ಬದಲು ಒಂದೇ. ಡ್ಯೂಕ್ರಾವಾಸಿಟಿನಿಬ್‌ಗೆ ಕಿಡ್ನಿಯ ಚಿಂತೆ ಇಲ್ಲ, ಲಿವರ್ ತೀರ ಕೆಟ್ಟಿದ್ದರೆ ಅದು ಬೇಡ.

3. ಡ್ಯೂಕ್ರಾವಾಸಿಟಿನಿಬ್, ಟೊಫಾಸಿಟಿನಿಬ್ ಎರಡಕ್ಕೂ ಮೊದಲು ಟಿಬಿ ಪರೀಕ್ಷೆ ಆಗಲೇಬೇಕು. ಕೆಮ್ಮಿಲ್ಲದವರಲ್ಲೂ ಕ್ಷಯದ ರೋಗಾಣು ಮಲಗಿರುವುದು ನಮ್ಮ ದೇಶದಲ್ಲಿ ಸಾಮಾನ್ಯ. ಮಾಂಟೂ ಅಥವಾ ರಕ್ತಪರೀಕ್ಷೆ, ಜೊತೆಗೆ ಎದೆಯ ಎಕ್ಸ್‌ರೇ ಮಾಡಿಸುತ್ತಾರೆ. ಹೆಪಟೈಟಿಸ್ ಬಿ, ಸಿ ಪರೀಕ್ಷೆಯನ್ನೂ ಸೇರಿಸುತ್ತಾರೆ. ಅಪ್ರೆಮಿಲಾಸ್ಟ್‌ಗೆ ಇವು ಕಡ್ಡಾಯವಲ್ಲ.

4. ಹಿಂದೆ ಖಿನ್ನತೆ ಕಾಡಿದ್ದರೆ, ಬದುಕು ಬೇಡವೆನಿಸಿದ್ದರೆ ಬಾಯಿಬಿಟ್ಟು ಹೇಳಿ. ಅಪ್ರೆಮಿಲಾಸ್ಟ್ ಕೆಲವರಲ್ಲಿ ಮನಸ್ಸನ್ನು ಕುಗ್ಗಿಸುತ್ತದೆ. ಸೋರಿಯಾಸಿಸ್ ಇರುವವರಲ್ಲಿ ಖಿನ್ನತೆ ಮೊದಲೇ ಹೆಚ್ಚು.

5. ಮಗುವಿನ ಯೋಚನೆ ಇರುವ ಹೆಣ್ಣುಮಕ್ಕಳು ಇದನ್ನು ಮೊದಲ ಮಾತಾಗಿ ಹೇಳಬೇಕು. ಗರ್ಭಿಣಿಯರಿಗೆ ಅಪ್ರೆಮಿಲಾಸ್ಟ್ ಕೊಡುವುದಿಲ್ಲ, ಡ್ಯೂಕ್ರಾವಾಸಿಟಿನಿಬ್‌ಗೆ ಸಾಕಷ್ಟು ಅನುಭವ ಇಲ್ಲ. ಹಳೆಯ ಮಾತ್ರೆಗಳಲ್ಲಿ ಮೆಥೊಟ್ರೆಕ್ಸೇಟ್, ಅಸಿಟ್ರೆಟಿನ್ ಎರಡೂ ಭ್ರೂಣಕ್ಕೆ ಅಪಾಯ. ಅಸಿಟ್ರೆಟಿನ್ ನಿಲ್ಲಿಸಿದ ಮೇಲೂ ಮೂರು ವರ್ಷ ಗರ್ಭ ನಿಲ್ಲಬಾರದು.

6. ಬೆಳಿಗ್ಗೆ ಎದ್ದಾಗ ಬೆರಳು, ಸೊಂಟ, ಹಿಮ್ಮಡಿ ಅರ್ಧ ಗಂಟೆಗಿಂತ ಹೆಚ್ಚು ಬಿಗಿದಿರುತ್ತವೆಯೇ? ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿಗಳಿವೆಯೇ? ಸೋರಿಯಾಸಿಸ್ ಇರುವ ಹತ್ತು ಮಂದಿಯಲ್ಲಿ ಮೂವರವರೆಗೆ ಸಂಧಿವಾತ ಬರಬಹುದು. ಆಗ ಯಾವ ಮದ್ದು ಎಂಬ ಲೆಕ್ಕವೇ ಬದಲಾಗುತ್ತದೆ.

7. ತೂಕ ನೋಡಿ ಬರೆದಿಡಿ. ಕಲೆಗಳ ಫೋಟೊ ತೆಗೆದಿಡಿ, ಹಗಲು ಬೆಳಕಿನಲ್ಲಿ, ಒಂದೇ ದೂರದಿಂದ. ದಿನವೂ ಕನ್ನಡಿ ನೋಡುವವರಿಗೆ ನಿಧಾನದ ಬದಲಾವಣೆ ಕಣ್ಣಿಗೆ ಬೀಳದು. ತಿಂಗಳಿಗೊಮ್ಮೆ ತೆಗೆದ ಫೋಟೊ ಸುಳ್ಳು ಹೇಳದು.

ಮೊದಲ ತಿಂಗಳು

ಅಪ್ರೆಮಿಲಾಸ್ಟ್ ಆರಂಭಿಸುವವರಿಗೆ ಸಾಮಾನ್ಯವಾಗಿ ಮೊದಲ ವಾರಗಳಿಗೆಂದೇ ಬೇರೆ ಪ್ಯಾಕ್ ಕೊಡುತ್ತಾರೆ. ಅದರಲ್ಲಿ 10, 20, 30 ಮಿಲಿಗ್ರಾಂನ ಮಾತ್ರೆಗಳು ಸಾಲಾಗಿರುತ್ತವೆ. ದೊಡ್ಡವರಿಗೆ ರೂಢಿಯಲ್ಲಿರುವ ಕ್ರಮ ಹೀಗೆ: ಮೊದಲ ದಿನ ಬೆಳಿಗ್ಗೆ 10 ಮಾತ್ರ. ಎರಡನೇ ದಿನ ಬೆಳಿಗ್ಗೆ 10, ರಾತ್ರಿ 10. ಮೂರನೇ ದಿನ 10, 20. ನಾಲ್ಕನೇ ದಿನ 20, 20. ಐದನೇ ದಿನ 20, 30. ಆರನೆಯ ದಿನದಿಂದ ಎರಡು ಹೊತ್ತೂ 30. ಹೊಟ್ಟೆ ಹೆಚ್ಚು ಸೂಕ್ಷ್ಮವಾಗಿದ್ದರೆ ಡಾಕ್ಟರು ಇನ್ನೂ ನಿಧಾನಕ್ಕೆ ಏರಿಸುವುದುಂಟು. ಚೀಟಿಯಲ್ಲಿ ಇರುವುದೇ ನಿಮ್ಮ ಕ್ರಮ.

ಏರಿಕೆ ಏಕೆ? ಪಿಡಿಇ-4 ಕಿಣ್ವ ಕರುಳಿನಲ್ಲೂ, ವಾಂತಿಯನ್ನು ಹತೋಟಿಯಲ್ಲಿಡುವ ಮೆದುಳಿನ ಭಾಗದಲ್ಲೂ ಇದೆ. ಒಮ್ಮೆಲೇ ತಡೆದರೆ ಅವು ತಿರುಗಿಬೀಳುತ್ತವೆ. ಸ್ವಲ್ಪ ಸ್ವಲ್ಪವಾಗಿ ಹೋದರೆ ಒಗ್ಗಿಕೊಳ್ಳುತ್ತವೆ. ಇಷ್ಟಾದರೂ ಭೇದಿ, ಓಕರಿಕೆ ನೂರಕ್ಕೆ ಸುಮಾರು 17 ಮಂದಿಯಲ್ಲಿ ಕಾಣಿಸಿದವು. ತಲೆನೋವೂ ಬರುವುದುಂಟು. ಹೊಟ್ಟೆಯ ತೊಂದರೆ ಹೆಚ್ಚಿನವರಿಗೆ ಮೊದಲ ಎರಡು ವಾರಗಳಲ್ಲಿ ಶುರುವಾಗಿ ನಾಲ್ಕು ವಾರದೊಳಗೆ ತಾನೇ ಇಳಿಯುತ್ತದೆ. ಹೆಚ್ಚಿನವರು ಮದ್ದು ಬಿಡುವುದೂ ಇದೇ ದಿನಗಳಲ್ಲಿ, ಇನ್ನೇನು ಇಳಿಯುತ್ತದೆ ಎನ್ನುವ ಹೊತ್ತಿಗೆ.

ಹೊಟ್ಟೆಯನ್ನು ನಿಭಾಯಿಸಲು ಮನೆಯ ಉಪಾಯಗಳು ಬಹುಮಟ್ಟಿಗೆ ಸಾಕು. ಮಾತ್ರೆಯನ್ನು ಊಟದ ಜೊತೆಗೂ ನುಂಗಬಹುದು, ಖಾಲಿ ಹೊಟ್ಟೆಯಲ್ಲೂ ನುಂಗಬಹುದು. ಓಕರಿಕೆ ಬರುವವರಿಗೆ ತಿಂಡಿ ಮುಗಿಸಿ ನುಂಗಿದರೆ ವಾಸಿ. ಒಮ್ಮೆಗೇ ಹೊಟ್ಟೆಬಿರಿ ಉಣ್ಣುವ ಬದಲು ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ. ಮೊದಲ ವಾರಗಳಲ್ಲಿ ಕರಿದದ್ದು, ಮಸಾಲೆ, ಖಾಲಿ ಹೊಟ್ಟೆಯ ಕಾಫಿ ತಗ್ಗಿಸಿ. ಗಂಜಿ, ಮೊಸರನ್ನ, ನೀರು ಮಜ್ಜಿಗೆ, ಎಳನೀರು ಇರಲಿ. ಭೇದಿ ಜೋರಾದರೆ ಓಆರ್‌ಎಸ್. ಮಾತ್ರೆಯನ್ನು ಮುರಿದು, ಪುಡಿಮಾಡಿ ಕುಡಿಯಬೇಡಿ, ಇಡಿಯಾಗಿಯೇ ನುಂಗಿ.

ಅರವತ್ತೈದು ದಾಟಿದವರು, ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಇಲ್ಲಿ ಧೈರ್ಯ ತೋರಿಸಬಾರದು. ಅವರಿಗೆ ಎರಡು ದಿನದ ಭೇದಿಯೇ ಮೈಯ ನೀರು ಬತ್ತಿಸಿ ತಲೆಸುತ್ತು ತರಬಲ್ಲದು. ಅಂಥವರು ಮೊದಲ ದಿನವೇ ಡಾಕ್ಟರಿಗೆ ಫೋನ್ ಮಾಡಬೇಕು.

ಡ್ಯೂಕ್ರಾವಾಸಿಟಿನಿಬ್ ಹೊಟ್ಟೆಯನ್ನು ಇಷ್ಟು ಕಾಡದು, ಏರಿಸುವ ಕ್ರಮವೂ ಬೇಕಿಲ್ಲ. ನೆಗಡಿ, ಗಂಟಲು ನೋವು, ಬಾಯಿಹುಣ್ಣು, ಮೊಡವೆ, ಕೂದಲ ಬುಡದ ಗುಳ್ಳೆ, ತುಟಿಯ ಸರ್ಪಹುಣ್ಣು ಕಾಣಬಹುದು. ಜಿಮ್‌ಗೆ ಹೋಗುವವರಿಗೆ ಕಾರಣವಿಲ್ಲದೆ ಸ್ನಾಯು ನೋವು ಬಂದರೆ ಸಿಪಿಕೆ ಎಂಬ ರಕ್ತಪರೀಕ್ಷೆಗೆ ಹೇಳಬಹುದು.

ಮೊದಲ ತಿಂಗಳು ಮುಲಾಮನ್ನು ಬಿಡಬೇಡಿ. ಮಾತ್ರೆ ಒಳಗಿನಿಂದ ಹಿಡಿತ ಸಾಧಿಸುವವರೆಗೆ ಹೊರಗಿನ ತುರಿಕೆ ತಗ್ಗಿಸುವುದು ಅದೇ. ಸ್ನಾನವಾದ ಕೂಡಲೆ ಒದ್ದೆ ಚರ್ಮಕ್ಕೆ ಕೊಬ್ಬರಿ ಎಣ್ಣೆಯೋ ವ್ಯಾಸಲಿನ್ನೋ ಸವರಿ. ಹೊಪ್ಪಳೆಯನ್ನು ಉಜ್ಜಿ ಕೀಳಬಾರದು. ಗಾಯವಾದ ಜಾಗದಲ್ಲೇ ಸೋರಿಯಾಸಿಸ್ ಹೊಸದಾಗಿ ಏಳುತ್ತದೆ.

16ನೇ ವಾರದ ಲೆಕ್ಕ

ಸಾಮಾನ್ಯವಾಗಿ ಮೊದಲು ತಗ್ಗುವುದು ತುರಿಕೆ. ಆಮೇಲೆ ಹೊಪ್ಪಳೆ ತೆಳುವಾಗುತ್ತದೆ, ಆಮೇಲೆ ಕಲೆಯ ದಪ್ಪ ಇಳಿಯುತ್ತದೆ. ಬಣ್ಣ ಕಡೆಗೆ. ಕಲೆ ಪೂರ್ತಿ ಸಮತಟ್ಟಾದ ಮೇಲೂ ನಮ್ಮ ಚರ್ಮದಲ್ಲಿ ಕಪ್ಪಗಿನ ಅಥವಾ ಬಿಳಿಚಿದ ಗುರುತು ತಿಂಗಳುಗಟ್ಟಲೆ ಉಳಿಯುತ್ತದೆ. ಅದು ಕಾಯಿಲೆಯಲ್ಲ, ಕಾಯಿಲೆ ಹೋದ ಗುರುತು. ಬೆರಳಿಂದ ಸವರಿದಾಗ ಉಬ್ಬು ಸಿಗದಿದ್ದರೆ ಮದ್ದು ಕೆಲಸ ಮಾಡಿದೆ. ಉಗುರು ಮಾತ್ರ ತೀರ ನಿಧಾನ, ಅದರ ತೀರ್ಪನ್ನು 16 ವಾರಕ್ಕೆ ಕೊಡಬೇಡಿ.

ಫೋಟೊಗಳನ್ನೂ ತೂಕದ ಚೀಟಿಯನ್ನೂ ಹಿಡಿದು ಹೋಗಿ. ‘ಪರವಾಗಿಲ್ಲ ಡಾಕ್ಟ್ರೇ’ ಎನ್ನುವ ನಮ್ಮ ವಾಡಿಕೆಯ ಉತ್ತರ ಇಲ್ಲಿ ಉಪಯೋಗಕ್ಕಿಲ್ಲ. ನಿದ್ದೆ ಬರುತ್ತಿದೆಯೇ, ಅರ್ಧ ತೋಳಿನ ಅಂಗಿ ಹಾಕುವ ಧೈರ್ಯ ಬಂದಿದೆಯೇ, ಮದುವೆ ಮುಂಜಿಗೆ ಹೋಗುತ್ತಿದ್ದೀರಾ ಎಂಬುದನ್ನು ಹೇಳಿ. ಹೀಗೆಯೇ ಬದುಕಿನ ಮೇಲಿನ ಪರಿಣಾಮ ಅಳೆಯಲು ತಜ್ಞರ ಬಳಿ ಹತ್ತು ಪ್ರಶ್ನೆಗಳ ಒಂದು ಪಟ್ಟಿಯೇ ಇದೆ, ಡಿಎಲ್‌ಕ್ಯೂಐ ಎಂದು ಅದರ ಹೆಸರು.

ಹೆಚ್ಚಾಗಿ ಆಗುವ ತಪ್ಪುಗಳು

*ವಾಸಿಯಾಯಿತೆಂದು ನಿಲ್ಲಿಸುವುದು.* ಈ ಮಾತ್ರೆಗಳು ಸೋರಿಯಾಸಿಸ್ಸನ್ನು ಅಡಗಿಸುತ್ತವೆ, ಬೇರುಸಹಿತ ಕೀಳುವುದಿಲ್ಲ. ಅಪ್ರೆಮಿಲಾಸ್ಟ್‌ನಿಂದ ಒಳ್ಳೆಯ ಫಲ ಕಂಡವರಿಗೆ ಪ್ರಯೋಗದಲ್ಲಿ ಮದ್ದು ನಿಲ್ಲಿಸಿದಾಗ, ಅರ್ಧದಷ್ಟು ಮಂದಿ ಸುಮಾರು ಐದು ವಾರದಲ್ಲೇ ಆ ಫಲ ಕಳೆದುಕೊಂಡರು.

*ಮರೆತದ್ದಕ್ಕೆ ಎರಡು ನುಂಗುವುದು.* ನೆನಪಾದ ಕೂಡಲೇ ಒಂದು ನುಂಗಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಮರೆತುಬಿಡಿ.

*ಹಳೆಯ ಮಾತ್ರೆಯೊಂದಿಗೆ ಗೊಂದಲ.* ಇದು ಪ್ರಾಣಕ್ಕೇ ಎರವಾದೀತು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ, ಅಪ್ರೆಮಿಲಾಸ್ಟ್ ದಿನವೂ. ಒಂದರಿಂದ ಇನ್ನೊಂದಕ್ಕೆ ಬದಲಾದವರು, ಎರಡನ್ನೂ ತೆಗೆದುಕೊಳ್ಳುವವರು ಡಬ್ಬಿಗಳನ್ನು ಬೇರೆ ಬೇರೆ ಕಡೆ ಇಡಬೇಕು. ಮೆಥೊಟ್ರೆಕ್ಸೇಟ್ ಡಬ್ಬಿಯ ಮೇಲೆ ವಾರದ ಹೆಸರನ್ನು, ಉದಾಹರಣೆಗೆ ‘ಭಾನುವಾರ ಮಾತ್ರ’ ಎಂದು, ದಪ್ಪ ಅಕ್ಷರದಲ್ಲಿ ಬರೆದಿಡಿ. ಅದನ್ನು ಅಪ್ಪಿತಪ್ಪಿ ದಿನವೂ ನುಂಗಿದರೆ ರಕ್ತಕಣಗಳು ಕುಸಿದು ಬಾಯಿತುಂಬ ಹುಣ್ಣಾಗುತ್ತದೆ. ಕೂಡಲೇ ಆಸ್ಪತ್ರೆಗೆ ಓಡಬೇಕಾದ ಸ್ಥಿತಿ ಅದು.

*ನಡುವೆ ಸ್ಟೆರಾಯ್ಡ್ ಮಾತ್ರೆ.* ಮದುವೆಗೆ ವಾರವಿದೆ, ಚರ್ಮ ಬೇಗ ಸರಿಹೋಗಲಿ ಎಂದು ಔಷಧಿ ಅಂಗಡಿಯಲ್ಲಿ ಕೇಳಿ ಸ್ಟೆರಾಯ್ಡ್ ಮಾತ್ರೆ ನುಂಗುವವರಿದ್ದಾರೆ. ನಾಲ್ಕೇ ದಿನದಲ್ಲಿ ಮೈ ನುಣುಪಾಗುತ್ತದೆ. ನಿಲ್ಲಿಸಿದಾಗ ಕಾಯಿಲೆ ಮೊದಲಿಗಿಂತ ಉಗ್ರವಾಗಿ ಮರಳಬಹುದು, ಮೈತುಂಬ ಕೀವುಗುಳ್ಳೆ ಏಳಬಹುದು. ಲೇಬಲ್ ಇಲ್ಲದ ಪುಡಿ, ಹೆಸರಿಲ್ಲದ ಗುಳಿಗೆಯಿಂದ ‘ವಾರದಲ್ಲಿ ಗುಣ’ ಕಂಡರೆ ಒಳಗೆ ಇದೇ ಇದೆಯೇನೋ ಎಂದು ಅನುಮಾನಿಸುವುದು ಜಾಣತನ.

*ಕಟ್ಟುನಿಟ್ಟಿನ ಪಥ್ಯ.* ಬದನೆ ನಂಜು, ಮೀನು ನಂಜು, ಮೊಟ್ಟೆ ನಂಜು ಎಂದು ಒಂದೊಂದೇ ಬಿಡುತ್ತ ಬಂದವರು ನಮ್ಮಲ್ಲಿ ಬಹಳ. ಅಪ್ರೆಮಿಲಾಸ್ಟ್ ತಾನೇ ಕೆಲವರ ತೂಕ ಇಳಿಸುತ್ತದೆ. ಸಣಕಲು ಮೈಯವರು ಅದರ ಮೇಲೆ ಪಥ್ಯವನ್ನೂ ಹಿಡಿದರೆ ಸೊರಗುತ್ತಾರೆ. ತಿಂಗಳಿಗೊಮ್ಮೆ ತೂಕ ನೋಡಿ, ಕಾರಣವಿಲ್ಲದೆ ಇಳಿಯುತ್ತ ಹೋದರೆ ಡಾಕ್ಟರಿಗೆ ಹೇಳಿ. ದಪ್ಪಗಿರುವವರು ಹಿತಮಿತವಾಗಿ ತೂಕ ಇಳಿಸಿದರೆ ಸೋರಿಯಾಸಿಸ್‌ಗೂ ಒಳ್ಳೆಯದು. ಬಿಡಬೇಕಾದದ್ದು ಬದನೆಕಾಯಿಗಿಂತ ಮೊದಲು ಹೆಂಡ ಮತ್ತು ಬೀಡಿ ಸಿಗರೇಟು.

*ಬಂಧುವಿನ ಚೀಟಿ.* ಅಣ್ಣನಿಗೆ ಗುಣವಾಯಿತೆಂದು ಅದೇ ಚೀಟಿ ತೋರಿಸಿ ತಮ್ಮನೂ ತಂದು ನುಂಗುವುದು. ಸೋರಿಯಾಸಿಸ್ ಮನೆತನದಲ್ಲಿ ಬರುವುದು ನಿಜ. ಟಿಬಿ ಪರೀಕ್ಷೆ, ಕಿಡ್ನಿ, ಮನಸ್ಸಿನ ಸ್ಥಿತಿ ಮಾತ್ರ ಒಬ್ಬೊಬ್ಬರದು ಒಂದೊಂದು.

ಕಾಯದೆ ಡಾಕ್ಟರ ಬಳಿ ಹೋಗಬೇಕಾದಾಗ

ನಿಲ್ಲದ ಭೇದಿ, ವಾಂತಿಯಿಂದ ಮೂತ್ರ ಕಡಿಮೆಯಾದರೆ. ಮುಖ, ತುಟಿ, ಗಂಟಲು ಊದಿದರೆ, ಉಸಿರು ಕಟ್ಟಿದಂತಾದರೆ. ಜ್ಯಾಕ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಿಗೆ ಒಂದೇ ಕಾಲು ಊದಿ ನೋಯುತ್ತಿದ್ದರೆ, ಎದೆನೋವು ಬಂದರೆ. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು ಇದ್ದರೆ. ಮೈಯೆಲ್ಲ ಕೆಂಪಾಗಿ ಸಿಪ್ಪೆಸುಲಿದು ನಡುಕ ಬಂದರೆ. ಮನಸ್ಸು ಮಂಕಾಗಿ, ನಿದ್ದೆಗೆಟ್ಟು, ಸಾಯುವ ಮಾತು ಬಂದರೆ. ಈ ಕೊನೆಯದನ್ನು ರೋಗಿಗಿಂತ ಮನೆಯವರು ಬೇಗ ಗುರುತಿಸುತ್ತಾರೆ. ಹಾಗಾಗಿ ಮಾತ್ರೆ ಶುರುವಾದದ್ದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು.

ಡ್ಯೂಕ್ರಾವಾಸಿಟಿನಿಬ್ ಅಥವಾ ಜ್ಯಾಕ್ ಗುಂಪಿನ ಮಾತ್ರೆ ನುಂಗುತ್ತಿರುವಾಗ ಜೀವಂತ ರೋಗಾಣು ಇರುವ ಲಸಿಕೆ ಹಾಕಿಸಬಾರದು. ಯಾವುದೇ ಲಸಿಕೆಗೆ ಮುನ್ನ, ಶಸ್ತ್ರಚಿಕಿತ್ಸೆಗೆ ಮುನ್ನ ಆ ಡಾಕ್ಟರಿಗೂ ಈ ಮಾತ್ರೆಯ ಹೆಸರು ಹೇಳಿ.

ಫಲ ಕಾಣದಿದ್ದರೆ

ಮೊದಲು ನೋಡಬೇಕಾದದ್ದು ಮಾತ್ರೆ ನಿಜಕ್ಕೂ ಹೊಟ್ಟೆ ಸೇರಿತೇ ಎಂಬುದು. ರಾತ್ರಿಯ ಮಾತ್ರೆ ವಾರಕ್ಕೆ ಮೂರು ಸಲ ತಪ್ಪಿದ್ದರೆ ಅದನ್ನೇ ಹೇಳಿ. ಬೈಗುಳ ಸಿಕ್ಕರೂ ಸರಿ, ಇಲ್ಲದಿದ್ದರೆ ದುಬಾರಿ ಮದ್ದಿಗೆ ವಿನಾಕಾರಣ ಏರಿಸುತ್ತಾರೆ. ಕಾಯಿಲೆಯನ್ನು ಕೆಣಕುವಂತೆ ನಡುವೆ ಗಂಟಲು ನೋವು ಬಂದಿತ್ತೇ, ಬಿಪಿ ಮಾತ್ರೆ ಬದಲಾಯಿತೇ ಎಂಬುದನ್ನೂ ನೆನಪಿಸಿಕೊಳ್ಳಿ.

ಇದೆಲ್ಲ ಸರಿಯಿದ್ದೂ 16 ವಾರಕ್ಕೆ ಅರ್ಧದಷ್ಟೂ ತಗ್ಗದಿದ್ದರೆ ಬೇರೆ ದಾರಿ ಕೇಳುವ ಹೊತ್ತು. ಅಪ್ರೆಮಿಲಾಸ್ಟ್ ಜೊತೆಗೆ ಬೆಳಕಿನ ಚಿಕಿತ್ಸೆ ಅಥವಾ ಮೆಥೊಟ್ರೆಕ್ಸೇಟ್ ಸೇರಿಸುವುದುಂಟು, ಟೈಕ್-2 ಮಾತ್ರೆಗೆ ಬದಲಿಸುವುದುಂಟು, ನೇರವಾಗಿ ಇಂಜೆಕ್ಷನ್‌ಗೆ ಹೋಗುವುದೂ ಉಂಟು. ಇಂಜೆಕ್ಷನ್ ಎಂದರೆ ಎಲ್ಲವೂ ಹೊರದೇಶದ್ದೇ ಎಂದುಕೊಳ್ಳಬೇಕಿಲ್ಲ. ಬೆಂಗಳೂರಿನ ಬಯೋಕಾನ್ 2013ರಲ್ಲಿ ಇಟೊಲಿಝುಮ್ಯಾಬ್ ಎಂಬ ಮದ್ದನ್ನು ಪ್ಲಾಕ್ ಸೋರಿಯಾಸಿಸ್‌ಗೆಂದೇ ಮಾರುಕಟ್ಟೆಗೆ ತಂದಿತು. ಖರ್ಚಿನ ಪ್ರಶ್ನೆ ದೊಡ್ಡದಾದರೆ ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಯಾವ ಮದ್ದು ಅಲ್ಲೇ ಸಿಗುತ್ತದೆ, ಯಾವುದಕ್ಕೆ ವಿಮೆ ಇದೆ ಎಂದು ಕೇಳಿ. ಹೋಗುವಾಗ ಹಳೆಯ ಚೀಟಿಗಳ ಜೊತೆಗೆ ಯಾವ ಮಾತ್ರೆ ಯಾವ ತಾರೀಖಿಗೆ ಶುರುವಾಯಿತು, ಯಾವಾಗ ನಿಂತಿತು, ಏಕೆ ನಿಂತಿತು ಎಂಬ ಮೂರು ಸಾಲು ಬರೆದುಕೊಂಡು ಹೋದರೆ, ಹೊಸ ಡಾಕ್ಟರು ಮೊದಲಿನಿಂದ ಶುರುಮಾಡುವುದು ತಪ್ಪುತ್ತದೆ.